ಫೋಟೋ ಆಗುವ ತನಕ

ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ವಾದ್ಯ ನಿಂತು, ಅಕ್ಷತೆ ಬಿದ್ದು, ತಾಳಿ ಕಟ್ಟಿದ ಹುಡುಗ ಇನ್ನೇನು ಬೆವರು ಒರೆಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಶೈಲಾ ಕ್ಯಾಮೆರಾದ ಹಿಂದಿನಿಂದ ಕೈ ಎತ್ತಿದಳು.

"ಇನ್ನೊಂದ್ಸಲ ತಾಳಿ ಹಿಡ್ಕೊಳ್ರಿ. ಕಟ್ಟಬ್ಯಾಡ್ರಿ, ಕಟ್ಟೋ ಹಂಗೆ ಮಾಡ್ರಿ. ನೀನು ತಲೆ ಸ್ವಲ್ಪ ಬಗ್ಸಮ್ಮ. ಹಾಂ, ಹಂಗೇ ಇರ್ರಿ."

ಮದುವೆ ಮಾಡಿಸುತ್ತಿದ್ದ ಅಯ್ಯನವರು ಮುಖ ಸಿಂಡರಿಸಿದರು. "ಮುಹೂರ್ತ ಎರಡು ಸಲ ಬರಾಕಿಲ್ಲ ಕಣಮ್ಮ."

"ಮುಹೂರ್ತ ಬರಾಕಿಲ್ಲ ಅಯ್ಯನೋರೆ, ಆಲ್ಬಮ್ ಬರ್ತೈತಲ್ಲ," ಎಂದಳು ಶೈಲಾ. ಸುತ್ತ ಇದ್ದವರೆಲ್ಲ ನಕ್ಕರು. ಹುಡುಗ ಮತ್ತೆ ತಾಳಿ ಹಿಡಿದ, ಹುಡುಗಿ ಮತ್ತೆ ನಾಚಿಕೊಂಡಳು. ನಿಜವಾಗಿ ಕಟ್ಟಿದಾಗ ಇಲ್ಲದ ನಾಚಿಕೆ ಈ ಸಲ ಎಷ್ಟು ಚೆನ್ನಾಗಿ ಬಂತೆಂದರೆ, ಮುಂದೆ ಆ ಮನೆಯ ಗೋಡೆ ಮೇಲೆ ನೇತಾಡುವುದು ಇದೇ ಸುಳ್ಳು ಮುಹೂರ್ತ.

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟುಕೊಂಡಿರುವ ಶೈಲಾಗೂ ಅವಳ ಗಂಡ ವಿನಯ್ ಕುಮಾರನಿಗೂ ಇದು ಅನ್ನ ಕೊಡುವ ಕೆಲಸ. ಅವನದು ವಿಡಿಯೋ, ಅವಳದು ಫೋಟೋ. ಲೋಕದಲ್ಲಿ ಒಳ್ಳೆಯದೆಲ್ಲ ಕೆಟ್ಟ ಬೆಳಕಿನಲ್ಲೇ ನಡೆಯುತ್ತದೆ, ಅದನ್ನು ಒಳ್ಳೆಯ ಬೆಳಕಿನಲ್ಲಿ ಇನ್ನೊಮ್ಮೆ ನಡೆಸುವುದೇ ಫೋಟೋಗ್ರಾಫರನ ಕಸುಬು ಎಂದು ಅವಳು ನಂಬಿದ್ದಳು. ಮದುವೆ ಮನೆಯಲ್ಲಿ ಇದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ಹೆಚ್ಚೆಂದರೆ ಊಟ ಸ್ವಲ್ಪ ತಡವಾಗುತ್ತಿತ್ತು.

ಬಾಳೆ ಎಲೆ ಹಾಕುವ ಹೊತ್ತಿಗೆ ಫೋನ್ ಬಂತು. ಕತ್ತಲಗೆರೆ ಹತ್ತಿರ ಕಾಲುವೆ ಪಕ್ಕದ ಹಳೇ ಅಕ್ಕಿ ಗಿರಣಿಯಲ್ಲಿ, ಗಾಯಗೊಂಡ ಪ್ರಾಣಿಗಳಿಗಾಗಿ 'ಆಸರೆ' ನಡೆಸುತ್ತಿದ್ದ ಪಂಚಾಕ್ಷರಪ್ಪನವರು.

"ಶೈಲಾ, ಒಂದು ನಾಯಿ ಬಂದೈತಮ್ಮ. ಕುರಿಯೋರದ್ದು. ಭತ್ತ ಕೊಯ್ಯೋ ಮಿಷನ್ನಿಗೆ ಸಿಕ್ಕು ಹಿಂಗಾಲು ಸೀಳಿಬಿಟ್ಟೈತೆ. ನೋಡಾಕೆ ಆಗಲ್ಲ. ಯಾವಾಗ ಬರ್ತಿ?"

ಮದುಮಗನ ಸೋದರತ್ತೆ ಶೈಲಾಳ ಕೈ ಎಳೆಯುತ್ತಿದ್ದಳು, ಅವರ ಕಡೆಯ ಗ್ರೂಪ್ ಫೋಟೋ ಇನ್ನೂ ಆಗಿರಲಿಲ್ಲವಂತೆ.

"ಭಾನುವಾರ ಬರ್ತೀನಿ ಸಾವ್ಕಾರ್ರೆ. ಹಂಗೇ ಇಟ್ಟಿರ್ರಿ," ಎಂದು ಫೋನ್ ಇಟ್ಟಳು.

ಇಷ್ಟೇ ಮಾತು. ಆಡಿದ್ದನ್ನು ಅವಳು ಪಾಯಸಕ್ಕೆ ಮುಂಚೆಯೇ ಮರೆತಳು.

ಪಂಚಾಕ್ಷರಪ್ಪನವರು ಕೆಟ್ಟವರಲ್ಲ. ಅಡಿಕೆ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡ ಮನುಷ್ಯ. ಒಮ್ಮೆ ಹೆದ್ದಾರಿಯಲ್ಲಿ ಸೊಂಟ ಮುರಿದು ಬಿದ್ದ ನಾಯಿಯೊಂದನ್ನು ಬೆಳಗ್ಗೆ ಹೋಗುವಾಗ ನೋಡಿ, ಸಂಜೆ ಬರುವಾಗಲೂ ಅಲ್ಲೇ ಜೀವಂತ ನೋಡಿ, ಕಾರು ನಿಲ್ಲಿಸಿ ಮಡಿಲಲ್ಲಿ ಹಾಕಿಕೊಂಡು ಬಂದರು. ಅಂದಿನಿಂದ ಗಿರಣಿಯ ಬಾಗಿಲು ತೆರೆಯಿತು. ನಾಯಿ, ಕರು, ಕಾಲು ಮುರಿದ ಕತ್ತೆ, ಕಣ್ಣು ಹೋದ ಮೇಕೆ, ಎಲ್ಲವೂ ಬಂದವು. ನೋಡಿಕೊಳ್ಳಲು ರಂಗಣ್ಣನೆಂಬ ಆಳಿದ್ದ. ಸಾಹುಕಾರರ ಕೈ ಎಷ್ಟು ದೊಡ್ಡದಾದರೂ ಹೊಟ್ಟೆಗಳು ಅದಕ್ಕಿಂತ ಹೆಚ್ಚಿದ್ದವು. ಆಗ ಶೈಲಾ ತಾನಾಗಿ ಮುಂದೆ ಬಂದಳು. ಫೋನಿನಲ್ಲಿ ಆಸರೆಗೊಂದು ಪುಟ ಮಾಡಿ, ಸ್ನಾನ ಮಾಡಿಸಿದ ನಾಯಿಗಳನ್ನು ಬಿಸಿಲಿನಲ್ಲಿ ಕೂರಿಸಿ ಚೆಂದದ ಚಿತ್ರ ತೆಗೆದು ಹಾಕಿದಳು. ಜನ ಹೃದಯದ ಗುರುತು ಒತ್ತಿದರು, 'ಮುದ್ದು' ಎಂದು ಬರೆದರು, ಮುಂದಕ್ಕೆ ಹೋದರು. ಮುದ್ದಿಗೆ ಯಾರೂ ಅಕ್ಕಿ ಕೊಡುವುದಿಲ್ಲ.

ಒಂದು ದಿನ ಅವಳು ಹೋದಾಗ, ಕುತ್ತಿಗೆಗೆ ತಂತಿ ಬಿಗಿದುಕೊಂಡಿದ್ದ ನಾಯಿಮರಿಯೊಂದನ್ನು ರಂಗಣ್ಣ ಇನ್ನೂ ತೊಳೆದಿರಲಿಲ್ಲ. ಹಾಗೇ ತೆಗೆದಳು. ಆ ಚಿತ್ರ ಬೆಂಗಳೂರು ದಾಟಿ, ಸಮುದ್ರ ದಾಟಿ ಹೋಯಿತು. ನೋಡಿದವರು ಅತ್ತರು, ಕೊಟ್ಟರು. ಗಿರಣಿಯ ಮೂಲೆಯಲ್ಲಿ ಅಕ್ಕಿ ಮೂಟೆಗಳು ಬಂದು ಕೂತವು, ಔಷಧಿಯ ಪೆಟ್ಟಿಗೆ ತುಂಬಿತು. ಶೈಲಾ ರಂಗಣ್ಣನಿಗೆ ಹೇಳಿದಳು: "ಇನ್ಮ್ಯಾಕೆ ನಾನು ಬಂದು ಫೋಟೋ ತೆಗೆಯೋ ತನಕ ನೀರು ಮುಟ್ಟಿಸಬ್ಯಾಡ." ಒಂದು ಸಲ ಅವನು ಮರೆತು ತೊಳೆದುಬಿಟ್ಟಾಗ ಬೈದಳು ಕೂಡ. ಆಗ ಕೆಲಸ ಕಡಿಮೆಯಿದ್ದ ಕಾಲ. ಫೋನ್ ಬಂದ ಕೂಡಲೇ ಸ್ಕೂಟಿ ಹತ್ತಿ ಬಂದುಬಿಡುತ್ತಿದ್ದಳು, ಅಷ್ಟು ಹೊತ್ತು ಕಾದರೆ ಯಾವ ಗಾಯವೂ ಕೆಡುತ್ತಿರಲಿಲ್ಲ. ಹೇಳಿದವಳಿಗೆ ಅದು ಒಂದು ಮಾತು, ರಂಗಣ್ಣನಿಗೆ ಅದು ಕಟ್ಟಪ್ಪಣೆ.

ಆಮೇಲೆ ಆಸರೆಯ ಪುಟ ಬೆಳೆಯಿತು, ಅದರ ಹೆಸರಿನಿಂದ ಸ್ಟುಡಿಯೋ ಕೂಡ ಬೆಳೆಯಿತು. ಮದುವೆಗಳು ಹೆಚ್ಚಾದವು, ಶೈಲಾ ಗಿರಣಿಗೆ ಹೋಗುವುದು ತಡವಾಗುತ್ತ ಬಂತು. ಈಚೆಗೆ ಹೋದಾಗಲೆಲ್ಲ ಅಲ್ಲಿ ಒಂದು ವಾಸನೆ. ಅವಳು ಮೂಗಿನ ಕೆಳಗೆ ವಿಕ್ಸ್ ಹಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು. ಹೆಗಲಿನಿಂದ ಕ್ಯಾಮೆರಾ ಚೀಲ ಇಳಿಸಿದರೆ ಸಾಕು, ನಾಯಿಗಳು ಬಾಲ ಕಾಲಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದವು. ಫ್ಲಾಶಿಗೆ ಹೆದರುತ್ತವೆ ಎಂದುಕೊಂಡಿದ್ದಳು. ಚಿತ್ರಗಳಲ್ಲಿ ಗಾಯಗಳು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದ್ದವು. ಹೊಸ ಲೆನ್ಸು ಒಳ್ಳೆಯದು ಬಿದ್ದಿದೆ ಎಂದು ವಿನಯನಿಗೆ ಹೇಳಿದ್ದಳು.

ಭಾನುವಾರ ನ್ಯಾಮತಿಯಲ್ಲಿ ಇನ್ನೊಂದು ಮದುವೆ ಗಂಟುಬಿತ್ತು. ಆಸರೆಗೆ ಹೋಗುವುದು ಮುಂದಕ್ಕೆ ಹೋಯಿತು. ನ್ಯಾಮತಿಯಿಂದ ಬರುವಷ್ಟರಲ್ಲಿ ಜಗಳೂರಿನಿಂದ ಕರೆ. ಬೀಗರೂಟಕ್ಕೆ ಫೋಟೋದವರು ಕೈಕೊಟ್ಟಿದ್ದಾರೆ, ಹೇಗಾದರೂ ಬರಲೇಬೇಕು. ಗಂಡಹೆಂಡತಿ ಇಬ್ಬರೂ ಸಾಮಾನು ಹೊತ್ತು ಜಗಳೂರಿಗೆ ಹೊರಟರು.

ಅಲ್ಲಿ ಬಿಸಿಲು ಕಾದ ಹೆಂಚಿನಂತಿತ್ತು. ಮನೆಯ ಹಿತ್ತಿಲಲ್ಲಿ ಸಾಲಾಗಿ ಒಲೆ ಹೂಡಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಆ ಬಡಿತದ ಚಿತ್ರ ಚೆನ್ನಾಗಿ ಬರುತ್ತದೆಂದು ಶೈಲಾ ಅತ್ತ ಹೋದಳು. ಒಲೆ ಮುಂದೆ ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು ಕೈ ಹಿಟ್ಟು ಒರೆಸಿಕೊಂಡು ಅವಳ ಮುಖವನ್ನೇ ನೋಡಿದಳು.

"ನೀವು ಚನ್ನಗಿರಿ ಫೋಟೋದಮ್ಮ ಅಲ್ಲೇನ್ರೀ? ಕತ್ತಲಗೆರೆ ನಾಯಿ ಆಸ್ಪತ್ರೆಗೆ ಬರ್ತಾರಲ್ಲ, ಅವ್ರು?"

"ಹೌದಮ್ಮ. ನಿಮಗೆ ಹೆಂಗೆ ಗೊತ್ತು?"

"ನಾನು ಲಕ್ಷ್ಮಮ್ಮ. ನಮ್ಮನೆಯೋರು ಗಾದ್ರಪ್ಪ ಅಂತ. ಕುರಿ ಹೊಡ್ಕಂಡು ಆ ಕಡೆ ಭತ್ತದ ಗದ್ದೆಗೆ ಹೋಗ್ಯಾರೆ, ಗೊಬ್ಬರಕ್ಕೆ ಮಂದೆ ನಿಲ್ಸಾಕೆ. ನಮ್ಮ ನಾಯಿ ಕೆಂಚನ್ನ ಆ ಆಸ್ಪತ್ರೇಲೇ ಬಿಟ್ಟಾರಂತೆ. ಮಿಷನ್ನು ಕಾಲು ಸೀಳ್ತಂತೆ ಅದುಕ್ಕೆ." ಅವಳ ದನಿಯಲ್ಲಿ ದುಃಖಕ್ಕಿಂತ ನಂಬಿಕೆಯೇ ಹೆಚ್ಚಿತ್ತು. "ಈಗ ಹೆಂಗೈತ್ರೀ? ಫೋಟೋ ಆತಾ?"

"ಇಲ್ಲ, ಇನ್ನೂ ಹೋಗಾಕೆ ಆಗಿಲ್ಲ," ಎಂದಳು ಶೈಲಾ.

ಲಕ್ಷ್ಮಮ್ಮನ ಮುಖ ಬಾಡಿತು. "ಹಂಗಾರೆ ಔಷಧಿ ಇನ್ನೂ ಸುರು ಆಗಿಲ್ಲ ಅನ್ನಿ. ನಮ್ಮನೆಯೋರು ಹೇಳಿದ್ರು, ಫೋಟೋದಮ್ಮ ಬಂದು ಫೋಟೋ ಹಿಡಿದ ಮ್ಯಾಗೇನೇ ಅಲ್ಲಿ ಔಷಧಿ ಹಚ್ಚೋದಂತೆ. ಮನಷ್ಯರಿಗೆ ಎಕ್ಸರೇ ತೆಗ್ದು ಔಷಧಿ ಕೊಡ್ತಾರಲ್ಲ, ಹಂಗೆ."

ಶೈಲಾ ಎದ್ದು ಮನೆಯ ಪಕ್ಕದ ಓಣಿಗೆ ಹೋಗಿ ರಂಗಣ್ಣನಿಗೆ ಫೋನ್ ಮಾಡಿದಳು.

"ರಂಗಣ್ಣ, ಆ ಕುರಿ ನಾಯಿ ಗಾಯ ತೊಳೆದ್ಯಾ?"

"ಇಲ್ಲ ಮೇಡಂ!" ಎಂದ ರಂಗಣ್ಣ, ಹೊಗಳಿಕೆ ಸಿಗುತ್ತದೆನ್ನುವವನ ಹಾಗೆ. "ನೀವು ಹೇಳಿದಂಗೇ ಮುಟ್ಟಿಲ್ಲ. ಹಂಗೇ ಇಟ್ಟೀನಿ."

"ಡಾಕ್ಟ್ರು ಬಂದಿರ್ಲಿಲ್ವಾ?"

"ಮೊನ್ನೆ ಬಂದಿದ್ರು. ಕತ್ತೆ ನೋಡಿ ಹೋದ್ರು. ಇದನ್ನ ತೋರ್ಸಿಲ್ಲ. ಫೋಟೋ ಆಗಿರ್ಲಿಲ್ವಲ್ಲ ಮೇಡಂ, ಪಟ್ಟಿ ಕಟ್ಟಿಬಿಟ್ರೆ ಏನು ಮಾಡೋದು? ಹಿಂದಿನ ರೂಮಲ್ಲಿ ಕಟ್ಟಿ ಕದ ಹಾಕಿದ್ದೆ."

"ಈಗ್ಲೇ ತೊಳಿ ರಂಗಣ್ಣ. ಈಗ್ಲೇ."

"ಈಗ ಆಗಾಕಿಲ್ಲ ಮೇಡಂ. ಹುಳ ಬಿದ್ದಾವೆ. ಹತ್ರ ಹೋದ್ರೆ ಕಚ್ಚಾಕೆ ಬರ್ತೈತೆ. ನಿನ್ನೆಯಿಂದ ಕೂಳೂ ಮುಟ್ಟಿಲ್ಲ. ಅದರ ಯಜಮಾನನ ಫೋನು ಸ್ವಿಚ್ ಆಫು, ಯಾವ ಗದ್ದೇಲಿ ಮಂದೆ ಹಾಕ್ಯಾನೋ ಗೊತ್ತಿಲ್ಲ. ಮನೆ ಕಡೆಯೋರು ಯಾರಾದ್ರೂ ಬಂದು ಹಿಡ್ಕಂಡ್ರೆ ಆದೀತು."

ಪಶುವೈದ್ಯರಿಗೆ ಫೋನ್ ಮಾಡಿದಳು. ಯಾವುದೋ ಹಳ್ಳಿಯಲ್ಲಿ ಎಮ್ಮೆಗೆ ಹೆರಿಗೆ ಕಷ್ಟವಾಗಿದೆ, ಅದನ್ನು ಮುಗಿಸಿ ಸಂಜೆಗೆ ಬರುತ್ತೇನೆಂದರು. ಕ್ಯಾಮೆರಾ ಚೀಲ ಹೆಗಲಿಗೆ ಏರಿಸಿಕೊಂಡು ವಿನಯನ ಹತ್ತಿರ ಬಂದಳು.

"ಉಳಿದದ್ದು ನೀನೇ ನೋಡ್ಕೋ. ನಾನು ಹೊರಟೆ."

"ಈಗ್ಲಾ? ಬೀಗರು ಇನ್ನೂ ಕೂತೇ ಇಲ್ಲ. ಒಂದು ನಾಯಿಗೋಸ್ಕರ ಹಿಂಗೆ ಮಾಡಿದ್ರೆ ನಾಳೆ ಯಾರು ಕರೀತಾರೆ ನಮ್ಮನ್ನ?"

"ಕರೀದಿದ್ರೆ ಬ್ಯಾಡ," ಎಂದಳು.

ಹಿತ್ತಿಲಿಗೆ ಹೋಗಿ ಲಕ್ಷ್ಮಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಿಜ ಹೇಳಬೇಕೆಂದೇ ಬಾಯಿ ತೆರೆದಳು, ಬಂದದ್ದು ಬೇರೆ: "ಅಮ್ಮಾ, ಕೆಂಚ ಯಾರಿಗೂ ಮುಟ್ಟಾಕೆ ಬಿಡ್ತಿಲ್ವಂತೆ. ನೀವು ಬಂದು ಹಿಡ್ಕಳ್ಳಾಕೆ ಆಗ್ತದಾ?"

ಲಕ್ಷ್ಮಮ್ಮ ಪಕ್ಕದವಳಿಗೆ ಹಿಟ್ಟು ಒಪ್ಪಿಸಿ ಎದ್ದಳು. ಹೊರಡುವ ಮುಂಚೆ ಎರಡು ರೊಟ್ಟಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ನನ್ನ ಕೈ ರೊಟ್ಟಿ ಅಂದ್ರೆ ಅದುಕ್ಕೆ ಪ್ರಾಣ," ಎಂದಳು.

ಜಗಳೂರಿನಿಂದ ದಾವಣಗೆರೆಗೆ ಬಸ್ಸು ಎಲ್ಲ ಕಡೆ ನಿಂತು ನಿಂತು ಹೋಯಿತು. ಕಿಟಕಿಯಾಚೆ ಉತ್ತು ಬಿಟ್ಟ ಮೆಕ್ಕೆಜೋಳದ ಹೊಲಗಳು, ಅಲ್ಲಲ್ಲಿ ಧೂಳು ಎದ್ದು ತಿರುಗುತ್ತಿತ್ತು. ಲಕ್ಷ್ಮಮ್ಮ ಕೆಂಚನ ಕಥೆ ಹೇಳುತ್ತ ಕೂತಳು. ಗುಡ್ಡದ ಬದಿಯಲ್ಲಿ ತೋಳ ಬಂದಾಗ ಒಂದೇ ಒಂದು ಮರಿ ಕಳೆಯಗೊಡಲಿಲ್ಲವಂತೆ. ಕುರಿಗಳೆಲ್ಲ ಹಟ್ಟಿ ಸೇರಿ ಬೇಲಿ ಮುಚ್ಚುವ ತನಕ ಮುಂದೆ ಅಂಬಲಿ ಇಟ್ಟರೂ ಮೂಸುವುದಿಲ್ಲವಂತೆ.

"ಯಾರನ್ನೂ ನಂಬೋ ಜಾತಿ ಅಲ್ಲ ಅದು," ಎಂದಳು. "ನಮ್ಮನೆಯೋರು ಬಿಟ್ಟು ಬರೋವಾಗ ಹಿಂದೆ ಹಿಂದೇನೆ ತೆವಳ್ಕಂಡು ಬಂತಂತೆ. ಇವ್ರೇ ಗದರಿಸಿ, ಇಲ್ಲೇ ಇರು, ಒಳ್ಳೇ ಜನ ಅವ್ರೆ, ಅಂತ ಹೇಳಿ ಬಂದಾರೆ."

ಶೈಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಿಸೆಯಲ್ಲಿ ಫೋನು ಗುಂಯ್ ಎನ್ನುತ್ತಲೇ ಇತ್ತು. ಆಸರೆಯ ಪುಟದಲ್ಲಿ ಯಾರೋ ಕೇಳಿದ್ದರು: 'ಬಹಳ ದಿನ ಆಯ್ತು, ಹೊಸ ಕೇಸ್ ಯಾವುದೂ ಇಲ್ವಾ?' ಅದರ ಕೆಳಗೆ ಅಳುವ ಮುಖದ ಗುರುತುಗಳು, ಕೈ ಮುಗಿದ ಗುರುತುಗಳು. ಈ ಜನ ಯಾರೂ ಕಲ್ಲು ಮನಸ್ಸಿನವರಲ್ಲ, ಅವಳಿಗೆ ಗೊತ್ತಿತ್ತು. ಕರುಣೆಗೂ ಒಂದು ಹಸಿವಿರುತ್ತದೆ, ಆ ಹಸಿವಿಗೆ ಬಡಿಸುತ್ತ ಬಂದವಳು ತಾನು. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಹೇಳೋಣ ಎಂದುಕೊಂಡಳು. ಹೇಳಲಿಲ್ಲ. ಇಳಿಯುವಾಗ ಹೇಳೋಣ ಎಂದುಕೊಂಡಳು. ಆಗಲೂ ನಾಲಿಗೆ ಏಳಲಿಲ್ಲ.

ಗಿರಣಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ತಗಡಿನ ಮಾಡಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು, ಒಂದೂ ಕೂಗುತ್ತಿರಲಿಲ್ಲ. ಗೇಟು ತೆರೆದಾಗ ಒಂದು ನಾಯಿಯೂ ಬೊಗಳಲಿಲ್ಲ. ಶೈಲಾಳ ಹೆಗಲ ಚೀಲ ಕಂಡದ್ದೇ ತಡ, ಅಂಗಳದಲ್ಲಿದ್ದವೆಲ್ಲ ಒಂದೊಂದಾಗಿ ಎದ್ದು, ಕುಂಟುತ್ತ, ತೆವಳುತ್ತ, ಗೋಡೆಯ ಬುಡಕ್ಕೆ ಸರಿದವು. ಕಾಲಿಗೆ ಸಿಮೆಂಟು ಪಟ್ಟಿ ಕಟ್ಟಿದ ಒಂದು ಬಿಳಿ ಹೆಣ್ಣುನಾಯಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

ಈ ಸಲ ಶೈಲಾಗೆ ಅರ್ಥವಾಯಿತು. ಅವು ಹೆದರುತ್ತಿದ್ದುದು ಫ್ಲಾಶಿಗಲ್ಲ. ಕಟ್ಟಿಹಾಕಿ, ಕದ ಮುಚ್ಚಿ, ನೋವಿನಲ್ಲಿ ಕಾಯಿಸಿ, ಕೊನೆಗೆ ಬಂದು ಮುಂದೆ ನಿಲ್ಲುವವಳು ಯಾರು ಎಂದು ಅವುಗಳಿಗೆ ತಿಳಿದಿತ್ತು. ಅವಳು ತನ್ನನ್ನು ತಾನು ಇಷ್ಟು ಅಸಹ್ಯಪಟ್ಟುಕೊಂಡದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ರಂಗಣ್ಣ ಹಿಂದಿನ ಕೋಣೆಯ ಕದ ತೆಗೆದ. ವಾಸನೆ ಮುಖಕ್ಕೆ ಹೊಡೆಯಿತು. ನೊಣಗಳ ಸದ್ದು ಎಷ್ಟಿತ್ತೆಂದರೆ ಒಳಗೆ ಯಾವುದೋ ಮೋಟರು ಓಡುತ್ತಿದೆ ಅನ್ನಿಸುತ್ತಿತ್ತು. ಮೂಲೆಯಲ್ಲಿ ಕೆಂಪು ಬಣ್ಣದ ಒಂದು ದೊಡ್ಡ ನಾಯಿ ಮಲಗಿತ್ತು. ಹಿಂಗಾಲಿನ ಕಡೆ ಶೈಲಾ ನೋಡಲಾರದೆ ಹೋದಳು. ರಂಗಣ್ಣ ಹೆಜ್ಜೆ ಇಟ್ಟಾಗ ಅದು ಹಲ್ಲು ತೋರಿಸಿ ಗುರ್ ಎಂದಿತು.

"ಏ ಕೆಂಚ," ಎಂದಳು ಲಕ್ಷ್ಮಮ್ಮ ಬಾಗಿಲಲ್ಲಿ ನಿಂತು. "ಏನಪ್ಪಾ ಇದು."

ಗುರುಗುಟ್ಟುವುದು ನಿಂತಿತು. ನಾಯಿ ತಲೆ ಎತ್ತಲು ನೋಡಿ ಆಗದೆ, ಬಾಲವನ್ನು ನೆಲಕ್ಕೆ ಒಮ್ಮೆ ಬಡಿಯಿತು. ಲಕ್ಷ್ಮಮ್ಮ ಹೋಗಿ ಅದರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಸೆರಗಿನ ರೊಟ್ಟಿ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು. ಅದು ಮೂಸಿತು, ನೆಕ್ಕಿತು, ತಿನ್ನಲಾಗಲಿಲ್ಲ.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಪಂಚಾಕ್ಷರಪ್ಪನವರು ಬಿಳಿ ಅಂಗಿಯಲ್ಲಿ, ಮೂಗಿಗೆ ಟವಲು ಒತ್ತಿಕೊಂಡು ಬಂದರು. ಶೈಲಾಳನ್ನು ಕಂಡು ಅವರ ಮುಖ ಅರಳಿತು.

"ಬಂದ್ಯಾ ತಾಯಿ! ನಾನು ದಿನಾ ಹಾದಿ ಕಾಯ್ತಿದ್ದೆ. ಬೆಳಕೂ ಚೆನ್ನಾಗೈತೆ. ತೆಗೆದುಬಿಡು."

"ಇಲ್ಲ ಸಾವ್ಕಾರ್ರೆ. ಮೊದ್ಲು ತೊಳೀಬೇಕು. ರಂಗಣ್ಣ, ನೀರು ತಾ."

ರಂಗಣ್ಣ ಅಲ್ಲಾಡದೆ ಇಬ್ಬರ ಮುಖ ನೋಡುತ್ತ ನಿಂತ. ಪಂಚಾಕ್ಷರಪ್ಪನವರು ಅವಳನ್ನು ಬಾಗಿಲಾಚೆ ಕರೆದು ದನಿ ತಗ್ಗಿಸಿದರು.

"ನೋಡಮ್ಮ, ನಂಗೇನು ಕರುಳಿಲ್ವಾ? ರಾತ್ರಿ ನಿದ್ದೆ ಇಲ್ಲ. ಆದ್ರೆ ಅಕ್ಕಿ ಮೂಟೆ ಕಡೇದು ಬಿಚ್ಚಿದ್ದಾಗಿದೆ. ಅಲ್ಲಿ ಗೋಡೆ ಹತ್ರ ನಿಂತಾವಲ್ಲ, ಅವುಕ್ಕೆ ನಾಳೆ ಏನು ಹಾಕ್ಲಿ? ಗಾಯ ಇಲ್ಲದ ನಾಯಿಗೆ ಯಾರು ಕೊಡ್ತಾರೆ ಹೇಳು. ಇದೊಂದರ ನೋವಿನಿಂದ ಉಳಿದವೆಲ್ಲ ಬದುಕ್ತಾವೆ."

"ಅದನ್ನ ಕಾಯಿಸಿದ್ದು ತಪ್ಪಲ್ವಾ ಸಾವ್ಕಾರ್ರೆ?"

"ಕಾಯ್ಸು ಅಂದೋಳು ನೀನೇ ಅಲ್ವೇನಮ್ಮ?" ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಹಂಗೇ ಇಟ್ಟಿರ್ರಿ ಅಂದೆ. ಇಟ್ವಿ. ಈಗ ಹೆಂಗೂ ಬಂದೀಯ. ಎರಡು ನಿಮಿಷದ ಕೆಲಸ. ಇಷ್ಟು ದಿನ ಕಾದದ್ದು ಎರಡು ನಿಮಿಷ ಕಾಯಾಕಿಲ್ವಾ? ತೆಗೆದು ಆಮ್ಯಾಲೆ ತೊಳಿ. ಇಲ್ದಿದ್ರೆ ಅದು ಪಟ್ಟ ಪಾಡೂ ದಂಡ ಆಗ್ತೈತೆ."

ಆ ಮಾತು ಸುಳ್ಳಲ್ಲ. ಅದೇ ಭಯ ಹುಟ್ಟಿಸುವಂಥದ್ದಾಗಿತ್ತು. ಬಾಗಿಲಿನಿಂದ ಇಳಿಬಿಸಿಲು ಓರೆಯಾಗಿ ಬಿದ್ದು, ಮುದುಕಿಯ ಮುಖ, ಅವಳ ತೊಡೆಯ ಮೇಲಿನ ಕೆಂಪು ತಲೆ, ತಿನ್ನದ ರೊಟ್ಟಿ ಎಲ್ಲವನ್ನೂ ಬೆಳಗುತ್ತಿತ್ತು. ಇಂಥ ಚಿತ್ರ ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ ಎಂದು ಅವಳ ಕಣ್ಣು ಅವಳನ್ನು ಕೇಳದೆಯೇ ಲೆಕ್ಕ ಹಾಕಿತು. ಕೆಳಗೆ ನೋಡಿದರೆ ಬಲಗೈ ಆಗಲೇ ಚೀಲದ ಜಿಪ್ಪು ಅರ್ಧ ಎಳೆದಿತ್ತು.

ಶೈಲಾ ಹೆದರಿಬಿಟ್ಟಳು. ಪಂಚಾಕ್ಷರಪ್ಪನವರಿಗಲ್ಲ, ಆ ಕೈಗೆ. ಚೀಲವನ್ನು ಕಳಚಿ ಅವರ ಕೈಗೆ ತುರುಕಿ, ತಾನೇ ಹೋಗಿ ತೊಟ್ಟಿಯಿಂದ ಬಕೆಟ್ಟು ತುಂಬಿಕೊಂಡು ಬಂದಳು.

ರಂಗಣ್ಣ ಆಗ ಓಡಿಬಂದು ಹುಳ ಉದುರಿಸುವ ಟರ್ಪೆಂಟೈನ್ ಬಾಟಲಿ, ಹತ್ತಿ, ಹಳೇ ಪಂಚೆ ತಂದ. ಲಕ್ಷ್ಮಮ್ಮ ತಲೆ ಹಿಡಿದಳು, ಶೈಲಾ ತೊಳೆದಳು. ಬಿದ್ದದ್ದನ್ನು ನೋಡಿ ಎರಡು ಸಲ ಹೊರಗೆ ಹೋಗಿ ಕಾರಿಕೊಂಡಳು, ಎರಡು ಸಲವೂ ಬಾಯಿ ಮುಕ್ಕಳಿಸಿ ಮತ್ತೆ ಬಂದು ಕೂತಳು. ಕೆಂಚ ಒಮ್ಮೆಯೂ ಕಚ್ಚಲು ಬರಲಿಲ್ಲ. ಲಕ್ಷ್ಮಮ್ಮನ ಮುಂಗೈಯನ್ನು ನೆಕ್ಕುತ್ತ ಮಲಗಿತ್ತು. ಪಂಚಾಕ್ಷರಪ್ಪನವರು ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಡಾಕ್ಟರು ಬಂದರು. ಒಸಡು ಎತ್ತಿ ನೋಡಿದರು, ಕಾಲು ಮುಟ್ಟಿ ನೋಡಿದರು. ಗ್ಲೂಕೋಸ್ ಬಾಟಲಿ ಏರಿಸಲು ನರ ಹುಡುಕುತ್ತಿದ್ದಾಗಲೇ ಕೆಂಚನ ನಾಲಿಗೆ ಆಡುವುದು ನಿಂತಿತು. ಡಾಕ್ಟರು ಸ್ವಲ್ಪ ಹೊತ್ತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದು, ಸೂಜಿ ಹಿಂದಕ್ಕೆ ತೆಗೆದರು.

"ನಂಜು ರಕ್ತಕ್ಕೆ ಏರಿಬಿಟ್ಟಿದೆ. ಮೊನ್ನೆ ನಾನು ಬಂದಾಗ ಇದು ಇಲ್ಲೇ ಇತ್ತಾ?" ಎಂದು ಕೇಳಿದರು. ಅವರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಕೈ ತೊಳೆದುಕೊಂಡು ಗಾಡಿ ಹತ್ತಿ ಹೋದರು.

ಲಕ್ಷ್ಮಮ್ಮ ಅಳಲಿಲ್ಲ. ಕೆಂಚನ ಕಣ್ಣು ಮುಚ್ಚಿಸಿ, ಕಿವಿ ಸರಿಮಾಡಿ, ಒದ್ದೆ ಮೈಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಶೈಲಾಳ ತಲೆ ಮೇಲೆ ಕೈಯಿಟ್ಟಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ. ಕೆಲಸ ಬಿಟ್ಟು ಓಡಿ ಬಂದಿ. ನೀನು ಬಂದಿದ್ದಕ್ಕೆ ಸಾಯೋ ಮುಂದೆ ಮೈಗೆ ನೀರಾದ್ರೂ ಬಿತ್ತು."

ಶೈಲಾ ಆ ಹಾರೈಕೆಯನ್ನು ಸುಮ್ಮನೆ ತೆಗೆದುಕೊಂಡು ಮನೆಗೆ ಹೋಗಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ.

"ನನ್ನಿಂದಾನೇ ಹೋಯ್ತಮ್ಮ ಅದು," ಎಂದಳು. "ಫೋಟೋ ಎಕ್ಸರೇ ಅಲ್ಲ. ಔಷಧಿಗೂ ಅದಕ್ಕೂ ಸಂಬಂಧ ಇಲ್ಲ. ಗಾಯ ನೋಡಿದ್ರೆ ಜನ ದುಡ್ಡು ಕೊಡ್ತಾರೆ ಅಂತ, ನಾನು ಬರೋ ತನಕ ತೊಳೀಬೇಡಿ ಅಂದಿದ್ದೆ. ನಾನು ಮದುವೆ ಮದುವೆ ಅಂತ ತಿರುಗ್ತಿದ್ದೆ. ಇದು ಇಲ್ಲಿ ಕಾಯ್ತಿತ್ತು. ಬಂದ ದಿನಾನೇ ತೊಳೆದಿದ್ರೆ ಉಳೀತಿತ್ತು."

ಲಕ್ಷ್ಮಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಅವಳ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿದ್ದ ಸಾಹುಕಾರರನ್ನು ನೋಡಿದಳು.

"ಅರಿಶಿಣ ಎಣ್ಣೆ ನನ್ನ ಮನೇಲೂ ಇತ್ತಲ್ಲವ್ವ," ಎಂದಳು. "ಹೊತ್ಕಂಡು ಮನೆಗೆ ತಂದಿದ್ರೆ ನಾನೇ ಹಚ್ತಿದ್ದೆ. ದೊಡ್ಡೋರ ಕೈಗೆ ಹಾಕಿದ್ರೆ ಚೆನ್ನಾಗಿ ನೋಡ್ತಾರೆ ಅಂತ ಬಿಟ್ವಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶೈಲಾ ಒದ್ದೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪಂಚಾಕ್ಷರಪ್ಪನವರು ಚೀಲವನ್ನು ಗೋಡೆಯ ಹತ್ತಿರ ಕೆಳಗಿಟ್ಟರು.

ಗೇಟಿನಲ್ಲಿ ಹಾರ್ನ್ ಕೇಳಿಸಿತು. ಲಕ್ಷ್ಮಮ್ಮನೊಬ್ಬಳನ್ನು ಬಿಟ್ಟು ಎಲ್ಲರೂ ಎದ್ದು ಅಂಗಳಕ್ಕೆ ಬಂದರು. ಉಬ್ರಾಣಿ ಕಡೆಯಿಂದ ಒಂದು ಗೂಡ್ಸ್ ಆಟೋ ಬಂದು ನಿಂತಿತ್ತು. ಹಿಂದೆ ಒಂದು ಹೋರಿಗರು, ಮುಳ್ಳುತಂತಿಗೆ ಸಿಕ್ಕು ಎದೆಯಿಂದ ತೊಡೆಯ ತನಕ ಹರಿದುಕೊಂಡು, ಕಾಲು ಝಾಡಿಸುತ್ತಿತ್ತು. ಆಟೋ ಓಡಿಸಿಕೊಂಡು ಬಂದ ನಿಂಗರಾಜ್ ಎಂಬವನು ಇಳಿಯುತ್ತಲೇ ಶೈಲಾಳನ್ನು ಗುರುತು ಹಿಡಿದ. ಒಂದು ಕೈಯಲ್ಲಿ ಫೋನನ್ನು ಆಗಲೇ ಎತ್ತಿ ಹಿಡಿದಿದ್ದ.

"ಮೇಡಂ ಇಲ್ಲೇ ಅದೀರಲ್ಲ, ಪುಣ್ಯ! ನಿಮ್ಮ ಪೇಜು ದಿನಾ ನೋಡ್ತೀನ್ರೀ. ಬೆಳಗ್ಗೇನೆ ಸಿಕ್ಕಿತ್ತು ಇದು. ಫೋಟೋ ಚೆನ್ನಾಗಿ ಬರ್ಲಿ ಅಂತ ರಕ್ತ ಒರೆಸಾಕೆ ಹೋಗಿಲ್ಲ, ಹಂಗೇ ತಂದೀನಿ."

ಗೋಡೆಯ ಬುಡದ ನಾಯಿಗಳೂ ನೋಡುತ್ತಿದ್ದವು. ರಂಗಣ್ಣ ಬಕೆಟ್ಟು ಹಿಡಿದು, ನೀರು ಸುರಿಯಲೋ ಬೇಡವೋ ತಿಳಿಯದೆ ನಿಂತಿದ್ದ. ಶೈಲಾ ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಆಟೋ ಹತ್ತಿದಳು. ಮೊದಲ ಚೊಂಬು ನೀರು ಬಿದ್ದ ಕೂಡಲೇ ಕರು ನೋವಿಗೆ ಜಿಗಿದು ಒದೆಯಿತು. ಅವಳು ಒಬ್ಬಳೇ ಹಿಡಿಯಲಾಗದೆ ಹಲಗೆಗೆ ಬಿದ್ದಳು.

"ಒಂದ್ನಿಮಿಷ ಮೇಡಂ, ಸ್ವಲ್ಪ ಈ ಕಡೆ ತಿರುಗ್ರಿ," ಎಂದು ನಿಂಗರಾಜ್ ಫೋನಿನೊಳಗಿನಿಂದಲೇ ನೋಡುತ್ತ ಹೇಳಿದ.

ಪಂಚಾಕ್ಷರಪ್ಪನವರು ಅಂಗಿಯ ತೋಳು ಮಡಚಿಕೊಂಡು ಆಟೋದ ಹಲಗೆ ಹಿಡಿದು ಹತ್ತಲು ಒದ್ದಾಡಿದರು. ವಯಸ್ಸಾದ ಮನುಷ್ಯ, ಮಂಡಿ ಏಳಲಿಲ್ಲ. ಬಿಳಿ ಅಂಗಿಗೆಲ್ಲ ರಕ್ತ ಮೆತ್ತಿಕೊಂಡಿತು. ಮತ್ತೆ ಹತ್ತಲು ನೋಡಿದರು.

ಹಿಂದಿನ ಕೋಣೆಯಿಂದ ಲಕ್ಷ್ಮಮ್ಮ ಬಂದಳು. ಸೀರೆಯ ಮುಂದೆಲ್ಲ ಕೆಂಚನ ಮೈಯ ನೀರಿತ್ತು. ಶೈಲಾಳ ಕಡೆ ನೋಡಲಿಲ್ಲ, ಸಾಹುಕಾರರ ಕಡೆಯೂ ನೋಡಲಿಲ್ಲ. ನೆಟ್ಟಗೆ ಆಟೋದ ಹಿಂಬದಿಗೆ ಹೋಗಿ ಕರುವಿನ ಕೊರಳಿಗೆ ತೋಳು ಹಾಕಿ ತಬ್ಬಿ ಹಿಡಿದಳು.

"ಏ ತಮ್ಮಾ," ಎಂದಳು ನಿಂಗರಾಜನಿಗೆ. "ಆ ಫೋನ್ ಕಿಸೇಲಿ ಇಟ್ಕಂಡು ಬಾ. ಕಾಲು ಹಿಡ್ಕೋ."

ಅವನು ಫೋನ್ ಕಿಸೆಗೆ ಹಾಕಿಕೊಂಡು ಬಂದು ಕಾಲು ಹಿಡಿದ. ಶೈಲಾ ಇನ್ನೊಂದು ಚೊಂಬು ನೀರು ಹೊಯ್ದಳು.